ಹತ್ತು ನಿಮಿಷದ ಫ್ರಾಂಕೆನ್‌ಸ್ಟೈನ್, ಕೆಂಪು ಸಮುದ್ರದ ಜಾಸ್: ಈ ರೀಲುಗಳನ್ನು ಏನು ಮಾಡಲಿ?

ಪ್ರಶ್ನೆ (ಡಡ್ಲಿ ಹತ್ತಿರ, ಇಂಗ್ಲೆಂಡ್)

ಎಲ್ಲರಿಗೂ ನಮಸ್ಕಾರ. ನಮ್ಮ ಪಕ್ಕದ ಮನೆಯ ಹಿರಿಯರು ಕಳೆದ ತಿಂಗಳು ವೃದ್ಧಾಶ್ರಮಕ್ಕೆ ಹೋದರು. ಹೋಗುವ ದಿನ ಒಂದು ಮರದ ಪೆಟ್ಟಿಗೆಯನ್ನು ನಮ್ಮ ಮನೆಗೆ ಹೊರಿಸಿಕೊಂಡು ಬಂದು, "ಇದು ನಿನ್ನದು" ಎಂದಷ್ಟೇ ಹೇಳಿದರು. ಒಳಗೆ ಒಂದು ಪ್ರೊಜೆಕ್ಟರ್, ಹದಿನೇಳು ಪುಟ್ಟ ಫಿಲ್ಮ್ ರೀಲುಗಳು.

ಈ ರೀಲುಗಳು ನನಗೆ ಹೊಸವಲ್ಲ. ಮಕ್ಕಳು ಚಿಕ್ಕವರಿದ್ದಾಗ ಚಳಿಗಾಲದ ಭಾನುವಾರಗಳಲ್ಲಿ ಆ ಹಿರಿಯರು ತಮ್ಮ ಮುಂದಿನ ಕೋಣೆಯ ಗೋಡೆಗೆ ಬಿಳಿ ಬಟ್ಟೆ ಕಟ್ಟಿ ನಮ್ಮನ್ನೆಲ್ಲ ಕರೆಯುತ್ತಿದ್ದರು. ಎಲ್ಲವೂ ದೊಡ್ಡ ಸಿನಿಮಾಗಳ ಕಿರು ರೂಪಗಳು. ಇಲ್ಲೇ ಡಡ್ಲಿಯಲ್ಲಿದ್ದ ಡೆರಾನ್ ಎಂಬ ಫಿಲ್ಮ್ ಅಂಗಡಿಯಲ್ಲಿ ಕೊಂಡದ್ದಂತೆ. ಅದು 2011ರಲ್ಲಿ ಮುಚ್ಚಿತು. ನನ್ನ ಮಕ್ಕಳಿಗೆ ಅಚ್ಚುಮೆಚ್ಚಾಗಿದ್ದದ್ದು ಕ್ಯಾಸಲ್ ಫಿಲ್ಮ್ಸ್‌ನವರ 200 ಅಡಿಯ 'ಫ್ರಾಂಕೆನ್‌ಸ್ಟೈನ್'. ಕಪ್ಪು ಬಿಳುಪು, ಮೂಕಿ, ಮಾತು ಅಕ್ಷರಗಳಲ್ಲಿ ಬರುತ್ತದೆ. ಆದರೆ ಅಕ್ಷರ ಮೂಡುವ ಮೊದಲೇ ಆ ಹಿರಿಯರು ಮಾತನ್ನು ಹೇಳಿಬಿಡುತ್ತಿದ್ದರು, ಡಾಕ್ಟರನಿಗೆ ಒಂದು ದನಿ, ಪಂಜು ಹಿಡಿದ ಊರವರಿಗೆ ಇನ್ನೊಂದು ದನಿ.

ಈಗ ತೊಂದರೆ ಏನೆಂದರೆ, ಒಂದು ಡಬ್ಬಿ ತೆರೆದರೆ ಉಪ್ಪಿನಕಾಯಿ ಭರಣಿಯಂತೆ ಹುಳಿವಾಸನೆ ಹೊಡೆಯುತ್ತದೆ. ಶಾರ್ಕ್ ಮೀನಿನ ಚಿತ್ರ 'ಜಾಸ್'ನ 400 ಅಡಿಯ ಬಣ್ಣದ ರೀಲನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ, ಸಮುದ್ರವೆಲ್ಲ ಕುಂಕುಮದ ನೀರಿನಂತೆ ಕೆಂಪಗಿದೆ. ಮೂರು ರೀಲುಗಳು ಪ್ರೊಜೆಕ್ಟರಿನ ಕಡ್ಡಿಗೆ ಕೂರುವುದೇ ಇಲ್ಲ. ನನ್ನ ಮಗ, "ಅಮ್ಮ, ಪೂರ್ತಿ ಸಿನಿಮಾ ಫೋನಿನಲ್ಲೇ ಇದೆಯಲ್ಲ, ಈ ತುಂಡು ಯಾಕೆ?" ಎನ್ನುತ್ತಾನೆ. ಅವನಿಗೆ ಏನು ಹೇಳಬೇಕೋ ನನಗೆ ತಿಳಿಯಲಿಲ್ಲ. ಬಲ್ಲವರು ದಯವಿಟ್ಟು ಹೇಳಿ.

ಉತ್ತರ 1 (ಸ್ಟುಟ್‌ಗಾರ್ಟ್)

ಮೇಡಂ, ಪೆಟ್ಟಿಗೆಯನ್ನು ಯಾರಿಗೂ ಕೊಡಬೇಡಿ. ಬೇರೆಲ್ಲ ಆಮೇಲೆ.

ನಿಮ್ಮ ಮಗ ಹುಟ್ಟುವ ಎಷ್ಟೋ ಮೊದಲು, ವಿಡಿಯೊ ಕ್ಯಾಸೆಟ್ ಇಲ್ಲದ ಕಾಲದಲ್ಲಿ, ಥಿಯೇಟರಿನಿಂದ ತೆಗೆದ ಚಿತ್ರವನ್ನು ಮತ್ತೆ ನೋಡಬೇಕೆಂದರೆ ಟಿವಿಯವರು ಹಾಕುವವರೆಗೆ ಕಾಯಬೇಕಿತ್ತು. ಚಿತ್ರವನ್ನು ಸ್ವಂತಕ್ಕೆ ಇಟ್ಟುಕೊಳ್ಳಲು ಸಾಮಾನ್ಯ ಜನರಿಗೆ ಇದ್ದ ದಾರಿ ಈ ರೀಲುಗಳೇ. ಕ್ಯಾಸಲ್‌ನವರು 1937ರಲ್ಲಿ ಹಿಂಡನ್‌ಬರ್ಗ್ ವಾಯುನೌಕೆ ಉರಿದುಬಿದ್ದ ಸುದ್ದಿಚಿತ್ರವನ್ನು ಮನೆಗಳಿಗೆ ಮಾರಿ ಈ ವ್ಯಾಪಾರಕ್ಕೆ ಇಳಿದರು. 1947ರಲ್ಲಿ ಯೂನಿವರ್ಸಲ್ ಆ ಸಂಸ್ಥೆಯನ್ನು ಕೊಂಡಿತು. ಆ ಸ್ಟುಡಿಯೊದ ಭೂತ ಪಿಶಾಚಿಗಳೆಲ್ಲ 50 ಅಡಿ, 200 ಅಡಿಯ ಸುರುಳಿಗಳಾಗಿ ಅಂಗಡಿಗೆ ಬಂದದ್ದು ಹಾಗೆ.

ಇಂಥ ಮನೆ ರೀಲುಗಳ 8 ಮಿ.ಮೀ. ಫಿಲ್ಮಾದ ಸೂಪರ್ 8ರಲ್ಲಿ ಒಂದು ಅಡಿಗೆ 72 ಚೌಕಟ್ಟು, ಅಂದರೆ ಬಿಡಿ ಚಿತ್ರ. 200 ಅಡಿ ಎಂದರೆ 14,400. ಸೆಕೆಂಡಿಗೆ 24ರಂತೆ ಓಡಿಸಿದರೆ ಹತ್ತೇ ನಿಮಿಷ. 1931ರ 'ಫ್ರಾಂಕೆನ್‌ಸ್ಟೈನ್' ಸುಮಾರು 70 ನಿಮಿಷದ ಚಿತ್ರ. ಅಂದರೆ ಏಳರಲ್ಲಿ ಆರು ಪಾಲನ್ನು ಯಾರೋ ಒಬ್ಬ ಸಂಕಲನಕಾರ ಕೂತು ಬಿಟ್ಟಿದ್ದಾನೆ. ಕಾಲಮಿತಿ ಯಕ್ಷಗಾನ ನೋಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ: ಬೆಳಗಿನವರೆಗೆ ನಡೆಯುವ ಪ್ರಸಂಗವನ್ನು ಮೂರು ಗಂಟೆಗೆ ಇಳಿಸುವಾಗ ಯಾವ ಪದ್ಯ ಉಳಿಯಬೇಕು, ಯಾವ ವೇಷ ರಂಗಕ್ಕೆ ಬರದಿದ್ದರೂ ನಡೆಯುತ್ತದೆ ಎಂಬ ಲೆಕ್ಕ. ಎಲ್ಲ ರೀಲುಗಳಲ್ಲೂ ಆ ಲೆಕ್ಕ ಸರಿಯಾಗಿರುವುದಿಲ್ಲ. ಹೊಡೆದಾಟಗಳನ್ನು ಸುಮ್ಮನೆ ಒಂದಕ್ಕೊಂದು ಅಂಟಿಸಿದವು ನನ್ನ ಬಳಿಯೇ ಬೇಕಾದಷ್ಟಿವೆ. ಚೆನ್ನಾಗಿ ಕತ್ತರಿಸಿದ ರೀಲು ಮಾತ್ರ ತಾನೇ ಒಂದು ಬೇರೆ ಕೃತಿ. ಅದು ಫೋನಿನಲ್ಲಿ ಸಿಗುವ ಚಿತ್ರವಲ್ಲ.

ಇನ್ನೊಂದು ಮಾತು. 1954ರಲ್ಲಿ ಕೆವಿನ್ ಬ್ರೌನ್‌ಲೋ ಎಂಬ ಶಾಲಾ ಹುಡುಗನಿಗೆ 'ನೆಪೋಲಿಯನ್' ಚಿತ್ರದ ಮನೆ ಆವೃತ್ತಿಯ ಒಂದೆರಡು ರೀಲುಗಳು ಸಿಕ್ಕವು. ಪಾಥೆಯವರು 1922ರಲ್ಲಿ ತಂದ 9.5 ಮಿ.ಮೀ. ಫಿಲ್ಮ್ ಅದು, ಯಂತ್ರದ ಹಲ್ಲು ಫಿಲ್ಮನ್ನು ಎಳೆಯಲು ಇರುವ ಹಲ್ಲುತೂತು ನಡುವೆ ಇರುವ ಬಗೆ. ಆಬೆಲ್ ಗಾನ್ಸ್‌ನ ಆ 1927ರ ಚಿತ್ರದ ಉಳಿದ ತುಣುಕುಗಳನ್ನು ಅವರು ದಶಕಗಳ ಕಾಲ ಹುಡುಕಿ ಜೋಡಿಸಿದರು. 1980ರಲ್ಲಿ ಲಂಡನ್ನಿನಲ್ಲಿ ಅದು ವಾದ್ಯವೃಂದದೊಂದಿಗೆ ಮತ್ತೆ ತೆರೆಗೆ ಬಂತು. ಅಂಥದ್ದೊಂದು ತುಂಡು ರೀಲು ಹುಡುಗನ ಕೈಗೆ ಸಿಗದಿದ್ದರೆ ಆ ಹುಡುಕಾಟ ಅಂದು ಶುರುವಾಗುತ್ತಿರಲಿಲ್ಲ. ಇದನ್ನು ನಿಮ್ಮ ಮಗನಿಗೆ ಓದಿ ಹೇಳಿ.

ಹುಳಿವಾಸನೆ ಅಸಿಟೇಟ್ ಫಿಲ್ಮ್ ಕೊಳೆಯುತ್ತಿರುವ ಗುರುತು, ಅದರಿಂದ ಹೊರಡುವುದು ಅಸಿಟಿಕ್ ಆಮ್ಲ. ಆ ಡಬ್ಬಿಯನ್ನು ಇಂದೇ ಉಳಿದವುಗಳಿಂದ ದೂರವಿಡಿ, ಆ ಆವಿ ಪಕ್ಕದ ರೀಲುಗಳನ್ನೂ ಕೆಡಿಸುತ್ತದೆ. ಧ್ವನಿಯ ಕಾಂತೀಯ ಪಟ್ಟಿ ಇರುವ ರೀಲುಗಳಲ್ಲಿ ಇದು ಇನ್ನೂ ಬೇಗ. ವಾಸಿಮಾಡಲು ಆಗುವುದಿಲ್ಲ, ತಂಪಾದ ಒಣ ಜಾಗದಲ್ಲಿಟ್ಟರೆ ನಿಧಾನವಾಗುತ್ತದೆ. ಅದರಲ್ಲಿ ಅಪರೂಪದ್ದೇನಾದರೂ ಇದ್ದರೆ ಮೊದಲು ಅದನ್ನೇ ಸ್ಕ್ಯಾನ್ ಮಾಡಿಸಿ.

'ಜಾಸ್' ಕೆಂಪಾದದ್ದಕ್ಕೆ ಕಾರಣ, ಆ ಕಾಲದ ಬಣ್ಣದ ಪ್ರಿಂಟುಗಳಲ್ಲಿ ನೀಲಿ ಹಸಿರಿನ ವರ್ಣಪದರ ಎಲ್ಲಕ್ಕಿಂತ ಮೊದಲು ಮಾಸುವುದು. ಸಮುದ್ರದ ಚಿತ್ರಕ್ಕೆ ಅದಕ್ಕಿಂತ ದೊಡ್ಡ ನಷ್ಟವಿಲ್ಲ. ಆದರೆ ಧ್ವನಿಪಟ್ಟಿಗೂ ಬಣ್ಣಕ್ಕೂ ಸಂಬಂಧವಿಲ್ಲ, ಧ್ವನಿ ಚೆನ್ನಾಗಿಯೇ ಇರಬಹುದು.

ಕೂರದ ಮೂರು ರೀಲುಗಳು ಸೂಪರ್ 8ಕ್ಕಿಂತ ಹಳೆಯ 8 ಮಿ.ಮೀ. ಬಗೆಯಾದ ಸ್ಟ್ಯಾಂಡರ್ಡ್ 8 ಇರಬೇಕು. ಅವುಗಳ ಸ್ಪೂಲಿನ, ಅಂದರೆ ಫಿಲ್ಮ್ ಸುತ್ತಿದ ಚಕ್ರದ, ನಡುವಿನ ರಂಧ್ರ ಚಿಕ್ಕದು. ಫಿಲ್ಮಿನ ಹಲ್ಲುತೂತು ದೊಡ್ಡದು, ಎರಡು ಚೌಕಟ್ಟುಗಳ ನಡುವಿನ ಗೆರೆಯ ಮೇಲೆ ಬರುತ್ತದೆ. 1965ರಲ್ಲಿ ಬಂದ ಸೂಪರ್ 8ರಲ್ಲಿ ತೂತು ಸಣ್ಣದು, ಚೌಕಟ್ಟಿನ ಮಧ್ಯಕ್ಕೆ ಸರಿಯಾಗಿ ಇರುತ್ತದೆ. ಬೇರೆ ಸ್ಪೂಲಿಗೆ ಸುತ್ತಿ ಒಂದರ ಯಂತ್ರಕ್ಕೆ ಇನ್ನೊಂದನ್ನು ತುರುಕಬೇಡಿ, ತೂತುಗಳು ಹರಿದುಹೋಗುತ್ತವೆ.

ಉತ್ತರ 2 (ತುಮಕೂರು)

ತಂಗಿ, ನಾನು ಇಪ್ಪತ್ತಾರು ವರ್ಷ ಟಾಕೀಸಿನಲ್ಲಿ ಆಪರೇಟರ್ ಆಗಿದ್ದವನು. ನನ್ನ ಕೈಯಲ್ಲಿ ಓಡಿದ್ದೆಲ್ಲ 35 ಮಿ.ಮೀ., ನಿಮ್ಮ ಪುಟ್ಟ ರೀಲುಗಳ ಪರಿಚಯವಿಲ್ಲ. ಆದರೆ ಫಿಲ್ಮು ಎಲ್ಲಿದ್ದರೂ ಫಿಲ್ಮೇ.

ಪೆಟ್ಟಿಗೆ ಬಂತೆಂದು ನೇರವಾಗಿ ಯಂತ್ರಕ್ಕೆ ಹಾಕಬೇಡಿ. ಮೊದಲು ಕೈಯಿಂದ ಒಂದು ಸ್ಪೂಲಿನಿಂದ ಇನ್ನೊಂದಕ್ಕೆ ನಿಧಾನವಾಗಿ ಸುತ್ತಿ. ಅಂಚುಗಳನ್ನು ಬೆರಳ ತುದಿಯಲ್ಲಿ ಹಗುರವಾಗಿ ಹಿಡಿದಿರಿ. ತೂತು ಹರಿದಿದ್ದರೆ, ಅಂಟು ಬಿಟ್ಟಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಪ್ರೊಜೆಕ್ಟರಿನ ಗೇಟಿನಲ್ಲಿ, ಅಂದರೆ ಫಿಲ್ಮು ಬೆಳಕಿನ ಮುಂದೆ ಹಾದುಹೋಗುವ ಕಿಂಡಿಯಲ್ಲಿ, ಹಳೆಯ ಫಿಲ್ಮಿನ ಪುಡಿ ಗಟ್ಟಿಯಾಗಿ ಕೂತಿರುತ್ತದೆ. ಲೋಹದ ಚೂಪಿನಿಂದ ಕೆರೆಯಬೇಡಿ, ಮೊನಚು ಮಾಡಿದ ಬಿದಿರು ಕಡ್ಡಿ ಸಾಕು. ಅಲ್ಲಿ ಸಾಸಿವೆ ಕಾಳಿನಷ್ಟು ಕಸ ಉಳಿದರೂ ರೀಲಿನ ಉದ್ದಕ್ಕೂ ಗೀರು ಬೀಳುತ್ತದೆ, ತೆರೆಯ ಮೇಲೆ ಮಳೆ ಸುರಿಯುತ್ತದೆ. ಆ ಮಳೆ ಮತ್ತೆ ನಿಲ್ಲುವುದಿಲ್ಲ.

ದಿನವೂ ಎರಡು ಹೊತ್ತು ಮಳೆ ಬಿದ್ದ ಪ್ರಿಂಟುಗಳನ್ನೇ ಜನರಿಗೆ ತೋರಿಸಬೇಕಾಗಿ ಬಂದಾಗ ನನಗೆ ಬಹಳ ಸಂಕಟವಾಗುತ್ತಿತ್ತು. ನಿಮ್ಮ ಹಿರಿಯರು ಇಷ್ಟು ವರ್ಷ ಕಾಪಾಡಿದ್ದಾರೆ. ಅವಸರ ಮಾಡಬೇಡಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ನನ್ನ ನಮಸ್ಕಾರಗಳು. ಹುಳಿವಾಸನೆಯ ಡಬ್ಬಿ ಈಗ ಗ್ಯಾರೇಜಿನ ಎತ್ತರದ ಹಲಗೆಯ ಮೇಲಿದೆ. ಆ ಮೂರು ನೀವು ಹೇಳಿದಂತೆ ಸ್ಟ್ಯಾಂಡರ್ಡ್ 8ಗಳೇ, ತೂತು ನೋಡಿ ಖಚಿತ ಮಾಡಿಕೊಂಡೆ. ಪ್ರೊಜೆಕ್ಟರಿನ ರಬ್ಬರ್ ಬೆಲ್ಟ್ ಬೆಲ್ಲದ ಪಾಕದಂತೆ ಕರಗಿ ಚಕ್ರಕ್ಕೆ ಅಂಟಿಕೊಂಡಿತ್ತು. ಒಂದು ಸಂಜೆ ಪೂರ್ತಿ ಅದನ್ನು ಬಿಡಿಸಿದ್ದು ನನ್ನ ಮಗ. ಬ್ರೌನ್‌ಲೋ ಕಥೆಯನ್ನು ಓದಿ ಹೇಳಿದ ಮೇಲೆ ಅವನೇ ಹೊಸ ಬೆಲ್ಟ್ ತರಿಸಿದ.

ವೃದ್ಧಾಶ್ರಮದವರು ಮುಂದಿನ ಭಾನುವಾರ ಊಟದ ಕೋಣೆಯನ್ನು ಕೊಡುತ್ತೇವೆಂದು ಒಪ್ಪಿದ್ದಾರೆ. ಮೊದಲು ಯಾವುದನ್ನು ಹಾಕಲಿ, ಫ್ರಾಂಕೆನ್‌ಸ್ಟೈನೇ ತಾನೆ, ಎಂದು ಹಿರಿಯರಿಗೆ ಫೋನ್ ಮಾಡಿ ಕೇಳಿದೆ. ಅಲ್ಲ, ಜಾಸ್ ಹಾಕು ಎಂದರು. ಅದು ಅವರ ಹೆಂಡತಿ ಆರಿಸಿಕೊಂಡ ರೀಲಂತೆ. ಸಮುದ್ರ ಪೂರ್ತಿ ಕೆಂಪಾಗಿದೆ ಎಂದು ನಾನು ಅಳುಕುತ್ತಲೇ ಹೇಳಿದೆ. "ಗೊತ್ತು, ನೀನು ಓಡಿಸು. ಎಲ್ಲೆಲ್ಲಿ ಯಾವ ನೀಲಿ ಇತ್ತೆಂದು ನಾನು ಹೇಳುತ್ತಾ ಹೋಗುತ್ತೇನೆ" ಎಂದರು.