ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ: ಹೂವಿಗೆ ಬಂದ ದ್ರಾಕ್ಷಿ ಪಡಕ್ಕ ಮಳಿ ಮುಂಚೆ ಏನು ಹೊಡೀಬೇಕು?

ಟಿಕೋಟಾ_ಪಡ

ತಮಿಳುನಾಡು ದಂಡಿಗೆ ಚಂಡಮಾರುತ ಬರಾಕತ್ತದ, ನಮ್ಮ ಕಡೆನೂ ಮೂರು-ನಾಕು ದಿನ ಮೋಡ, ಜಿಟಿಜಿಟಿ ಮಳಿ ಇರ್ತದ ಅಂತ ಹವಾಮಾನ ಇಲಾಖೆಯವರು ಹೇಳ್ಯಾರ. ಪಡ (ದ್ರಾಕ್ಷಿ ತೋಟ) ವಿಜಯಪುರ ಜಿಲ್ಲೆ ಟಿಕೋಟಾ ಭಾಗದಾಗ ಅದ. ಎರಡೂವರಿ ಎಕರೆ ಥಾಮ್ಸನ್ ತಳಿ, ಡಾಗ್ರಿಜ್ ಬೇರಿನ ಮ್ಯಾಲ ಕಸಿ, ಎರಿ ಭೂಮಿ, ವೈ ಆಕಾರದ ಚಪ್ಪರ. ಅಕ್ಟೋಬರ್ ಚಾಟ್ನಿ (ಕಡ್ಡಿ ಕತ್ತರಿಸೋದು) ಆಗಿ 39 ದಿನ, ಹೂ ಬಿಚ್ಚಾಕತ್ತಾವ. ಮಣೂಕ (ಒಣದ್ರಾಕ್ಷಿ) ಮಾಡೋ ಮಾಲು. ಡೌನಿ (ಬೂಜು ರೋಗ) ಇನ್ನೂ ಎಲ್ಲೂ ಕಂಡಿಲ್ಲ. ಔಷಧ ಹೊಡಿಯಾಕ ಟ್ರ್ಯಾಕ್ಟರಿಗೆ ಕಟ್ಟೋ 600 ಲೀಟರಿನ ಬ್ಲೋವರ್ ಅದ.

ಮಳಿ ಮುಂಚೆ ಏನು ಹೊಡೀಬೇಕು, ಮಳಿ ನಡುವ ಟ್ರ್ಯಾಕ್ಟರ್ ಒಳಗ ಹೋಗದಿದ್ರ ಏನು ಮಾಡಬೇಕು, ಹೂವಿನ ಹಂತದ ಜಿಎ (ಜಿಬ್ಬರೆಲಿಕ್ ಆಮ್ಲ, ಬೆಳವಣಿಗಿ ಚೋದಕ) ಈಗ ಕೊಡೋದೋ ತಡಿಯೋದೋ? ಗಾಳಿಗೆ ಚಪ್ಪರಕ್ಕ ಏನರೆ ಆಗ್ತದೇನ್ರಿ?

ತೆಲಸಂಗ_ತೋಟ

ಗಾಳಿ ಚಿಂತಿ ಬಿಡ್ರಿ ಅಣ್ಣಾರ. ಚಂಡಮಾರುತದ ಗಾಳಿ ಜೋರು ಇರೋದು ಸಮುದ್ರದ ದಂಡ್ಯಾಗ; ನೆಲಕ್ಕ ಬಂದ ಮ್ಯಾಲ ನೀರಿನ ಆವಿ ಸಿಗದ ಅದು ಲಗೂನ ಸೊರಗ್ತೈತಿ. 2024ರ ನವೆಂಬರ್ 30ಕ್ಕ ಫೆಂಗಲ್ ಪುದುಚೇರಿ ಹತ್ರ ದಡ ಮುಟ್ಟಿದಾಗ ಅಲ್ಲಿ ಒಂದು ದಿನದಾಗ 45 ಸೆಂ.ಮೀ.ಗೂ ಹೆಚ್ಚು ಮಳಿ ಆಗಿ ಊರ ಮುಳುಗಿತ್ತು. ನಮ್ಮ ಕಡೆ ಮುಟ್ಟೋದು ಅದರ ಬಾಲ ಅಷ್ಟ: ಮೋಡ, ತುಂತುರು, ಬಿಸಿಲಿಲ್ಲದ ದಿನ. ದ್ರಾಕ್ಷಿಗೆ ಕೆಟ್ಟದ್ದು ಇದ. ಒಂದು ತಾಸು ದೊಡ್ಡ ಮಳಿ ಬಂದು ಬಿಸಿಲು ಬಿದ್ರ ಎಲಿ ಒಣಗ್ತೈತಿ. ಮೋಡ ಮುಚ್ಚಿದ್ರ ಹಗಲು-ರಾತ್ರಿ ಎಲಿ ತೊಯ್ದ ಇರ್ತೈತಿ, ಉಷ್ಣಾಂಶ 18ರಿಂದ 25 ಡಿಗ್ರಿ ನಡುವ ನಿಲ್ತೈತಿ. ಡೌನಿಗೆ ಬೇಕಾಗಿದ್ದು ಅಷ್ಟ.

ಮಳಿ ಮುಂಚೆ, ಇವತ್ತ ಅಥವಾ ನಾಳೆ, ಎಲಿ ಒಣಗಿದ್ದಾಗ: ಡೈಮೆಥೊಮಾರ್ಫ್ 50 ಡಬ್ಲ್ಯುಪಿ ಲೀಟರಿಗೆ 1 ಗ್ರಾಂ, ಅದರ ಜೋಡಿ ಮ್ಯಾಂಕೋಜೆಬ್ 75 ಡಬ್ಲ್ಯುಪಿ (ಎಂ-45) ಲೀಟರಿಗೆ 2 ಗ್ರಾಂ. ನಿಮ್ಮ 600 ಲೀಟರ್ ಟ್ಯಾಂಕಿಗೆ 600 ಗ್ರಾಂ ಮತ್ತ 1.2 ಕೆ.ಜಿ. ಎಕರೆಕ್ಕ 400 ಲೀಟರ್ ನೀರು ಹಿಡಿದ್ರ ಎರಡೂವರಿ ಎಕರೆಕ್ಕ 1,000 ಲೀಟರ್. ಪುಡಿ ಎರಡನ್ನೂ ಬ್ಯಾರೆ ಬ್ಯಾರೆ ಬಕೀಟಿನಾಗ ಕಲಸಿ, ಸೋಸಿ ಹಾಕ್ರಿ. ಸೀದಾ ಟ್ಯಾಂಕಿಗೆ ಸುರುವಿದ್ರ ಗಂಟಾಗಿ ನಾಜಲ್ ಕಟ್ಟತಾವ, ಅರ್ಧ ಸಾಲಿಗೆ ಬರೇ ನೀರ ಹೋಗ್ತೈತಿ. ಹೊಡದ ಮ್ಯಾಲ ಎರಡು-ಮೂರು ತಾಸು ಒಣಗಾಕ ಸಿಗಬೇಕು.

ಎಣ್ಣಿ (ಔಷಧದ ನೀರು) ಹೊಡಿಯೋ ರೀತಿನೂ ಔಷಧದಷ್ಟ ಮುಖ್ಯ. ಡೌನಿ ಎಲಿ ಕೆಳಗಿನ ಸಣ್ಣ ರಂಧ್ರದಿಂದ ಒಳಗ ಹೋಗ್ತೈತಿ. ಬ್ಲೋವರ್ ಜೋರು ಓಡಿಸಿದ್ರ ಮ್ಯಾಲಿನ ಎಲಿ ಅಷ್ಟ ಬೆಳ್ಳಗಾಗ್ತಾವ, ಕೆಳಗ ಏನೂ ಕೂಡಂಗಿಲ್ಲ. ಕಡಿಮಿ ಗೇರಿನಾಗ ನಿಧಾನ ಹೋಗ್ರಿ, ನಾಜಲ್ ಕೆಳಗಿಂದ ಮ್ಯಾಲ ತಿರುವ್ರಿ, ಒಂದು ಸಾಲು ಮುಗಿದ ಕೂಡಲೆ ಇಳಿದು ಎಲಿ ಹೊಳ್ಳಿಸಿ, ಗೊನಿ ಒಳಗ ಬೆರಳು ಹಾಕಿ ನೋಡ್ರಿ.

ಅದಕ್ಕ ಮೊದಲು ಆಳು ಸಿಕ್ರ ಬಗಲಿನ ಚಿಗುರು, ಬುಡದ ಚಿಗುರು, ಗೊನಿ ಮ್ಯಾಲ ಮುಚ್ಚಿಕೊಂಡ ಒಂದೆರಡು ಎಲಿ ತಗಸ್ರಿ. ಗಾಳಿ ಆಡಿದ್ರ ಎಲಿ ಒಣಗೋದು ಲಗೂ ಆಗ್ತೈತಿ. ತಗದದ್ದನ್ನ ಪಡದಾಗ ಚೆಲ್ಲಬ್ಯಾಡ್ರಿ, ಹೊರಗ ಒಯ್ದು ಹೂಳ್ರಿ. ಡ್ರಿಪ್ ಬಂದ್ ಇಡ್ರಿ, ಯೂರಿಯಾ ಮುಟ್ಟಬ್ಯಾಡ್ರಿ. ಸಾರಜನಕ ಕೊಟ್ಟು ಮೆತ್ತಗಾದ ಚಿಗುರಿಗೆ ರೋಗ ಮೊದಲ ಹತ್ತತೈತಿ.

ಜಮಖಂಡಿ_ಬ್ಲೋವರ್

ಮ್ಯಾಲಿನ ಅಣ್ಣಾರು ಹೇಳಿದ್ದಕ್ಕ ಮಳಿ ನಡುವಿನ ಕೆಲಸ ಸೇರಿಸ್ತೀನಿ. ಎರಿ ಭೂಮ್ಯಾಗ 10 ಮಿ.ಮೀ. ಬಿದ್ರ ಸಾಕು, ಟ್ರ್ಯಾಕ್ಟರ್ ಒಳಗ ಹೋದ್ರ ಹುಗಿತದ, ಬೇರು ಹರಿತದ. ಎಣ್ಣಿ ಹೊಡಿಯಾಕ ಆಗದ ದಿನ ಎಂ-45 ಪುಡಿಯನ್ನ ಎಕರೆಕ್ಕ 3ರಿಂದ 5 ಕೆ.ಜಿ. ಧೂಳೀಕರಿಸ್ರಿ. ಮಳಿ ಬಿಡುವು ಕೊಟ್ಟಾಗ, ಎಲಿ ಇನ್ನೂ ತೇವ ಇದ್ದಾಗ ಧೂಳೀಕರಿಸಿದ್ರ ಪುಡಿ ಅಂಟ್ಕೊಂತದ. ಒಣ ಎಲಿಗೆ ಹಾರಿ ಹೋಗ್ತದ. ಮೂಗು-ಬಾಯಿಗೆ ಮಾಸ್ಕ್, ಕೈಗೆ ಗ್ಲೌಸ್ ಬೇಕ ಬೇಕು.

ಮಳಿ ನಿಂತ ಕೂಡಲೆ ತಂತಿ ಅಲುಗಾಡಿಸಿ ಗೊನಿ ಒಳಗಿನ ನೀರು ಉದುರಿಸ್ರಿ. ನೆಲ ಗಟ್ಟಿ ಆದ್ರ ಬ್ಲೋವರಿನ ಫ್ಯಾನ್ ಅಷ್ಟ ಚಾಲೂ ಮಾಡಿ ಖಾಲಿ ಒಂದು ಸುತ್ತು ಹಾಕ್ರಿ. ಹೂವಿನ ಟೊಪ್ಪಿ ಉದುರದ ನೀರಿನಾಗ ಅಂಟಿ ಕುಂತ್ರ ಗೊನಿ ಅಲ್ಲಿಂದನ ಕೊಳಿಯಾಕ ಶುರು ಆಗ್ತದ.

ಮಳಿ ಬಿಟ್ಟ 24ರಿಂದ 48 ತಾಸಿನೊಳಗ ಸೈಮೊಕ್ಸಾನಿಲ್ 8 + ಮ್ಯಾಂಕೋಜೆಬ್ 64 ಇರೋ ಪುಡಿ ಲೀಟರಿಗೆ 2 ಗ್ರಾಂ. ಇದು ಒಳಗ ಹೊಕ್ಕ ರೋಗವನ್ನ ಒಂದೆರಡು ದಿನದ ತನಕ ಹಿಡಿತದ, ತಡ ಆದ್ರ ಉಪಯೋಗ ಇಲ್ಲ. ಎಲಿ ಮ್ಯಾಲ ಎಣ್ಣಿ ಬಿದ್ದಂಗ ರೋಗದ ಕಲೆ ಕಂಡು, ಕೆಳಗ ಬಿಳೆ ಹತ್ತಿ ಬಂದ ಮ್ಯಾಲ ಯಾವ ಔಷಧಾನೂ ಆ ಎಲಿ ತಿರುಗಿ ಹಸರು ಮಾಡಂಗಿಲ್ಲ. ಗೊನಿ ಕಂದು ತಿರುಗಿ ಮುರುಟಿದ್ರ ಕತ್ತರಿಸಿ ಹೊರಗ ಒಯ್ಯೋದ ಉಳಿದ ದಾರಿ.

ಅನುಮಾನ ಇದ್ರ ಕಲೆ ಇದ್ದ ಎಲಿ ನಾಕು ಹರಿದು, ತೊಯ್ದ ಕಾಗದದ ಜೋಡಿ ಪ್ಲಾಸ್ಟಿಕ್ ಚೀಲದಾಗ ಒಂದು ರಾತ್ರಿ ಕತ್ತಲದಾಗ ಇಡ್ರಿ. ಮುಂಜಾನೆ ಕೆಳಗ ಬಿಳೆ ಬಂದಿದ್ರ ಡೌನಿನ.

ಜಿಎ ಈಗ ಬ್ಯಾಡ. ಗಾಳ್ಯಾಗ ತೇವ ಇದ್ದಾಗ ದ್ರಾವಣ ಒಣಗೋದು ತಡ, ಗಿಡ ಹೆಚ್ಚು ಹೀರ್ಕೊಂತದ, ಹೂ ಬೇಕಾಬಿಟ್ಟಿ ಉದುರ್ತಾವ. ಬಿಸಿಲು ಬೀಳೂತನ ತಡೀರಿ. ಮಣೂಕದ ಮಾಲಿಗೆ ಒಂದು ಡೋಸ್ ತಪ್ಪಿದ್ರ ಅಂಥ ನಷ್ಟ ಇಲ್ಲ, ಮಣಿ ಕಟ್ಟದಿದ್ರ ಹಂಗಾಮ ಹೋತು.

ಟಿಕೋಟಾ_ಪಡ

ಭಾಳ ಉಪಕಾರ ಆತ್ರಿ. ಒಂದು ಕೇಳಬೇಕು: ಅಂಗಡ್ಯಾಗ ಡೈಮೆಥೊಮಾರ್ಫ್ ಆದ ಮ್ಯಾಲ ಮ್ಯಾಂಡಿಪ್ರೊಪಾಮಿಡ್ ಹೊಡೀರಿ, ಔಷಧ ಬದಲಾದಂಗ ಆಗ್ತದ ಅಂತಾರ. ಪೊಟ್ಯಾಸಿಯಂ ಫಾಸ್ಫೈಟ್, ತಾಮ್ರನೂ ಅದರಾಗ ಕೂಡ್ಸು ಅಂತಾರ. ಖರೆನೇನು?

ತೆಲಸಂಗ_ತೋಟ

ಬ್ಯಾಡ. ಡೈಮೆಥೊಮಾರ್ಫ್, ಮ್ಯಾಂಡಿಪ್ರೊಪಾಮಿಡ್, ಇಪ್ರೊವಾಲಿಕಾರ್ಬ್ ಮೂರೂ ಒಂದ ಗುಂಪಿನವು. ಡಬ್ಬಿ ಬದಲಾದ್ರೂ ರೋಗಕ್ಕ ಅದ ಔಷಧ. ಆ ಗುಂಪನ್ನ ಹಂಗಾಮಿಗೆ ಎರಡು ಸಲದ ಮ್ಯಾಲ ಹೊಡದ್ರ ರೋಗ ಒಗ್ಗಿಕೊಂತೈತಿ, ಮುಂದಿನ ವರ್ಷ ಕೇಳಂಗಿಲ್ಲ. ಒಂದು ಡೈಮೆಥೊಮಾರ್ಫ್, ನಡುವ ಸೈಮೊಕ್ಸಾನಿಲ್, ಆಮ್ಯಾಲ ಬೇಕಾದ್ರ ಮ್ಯಾಂಡಿಪ್ರೊಪಾಮಿಡ್ ಲೀಟರಿಗೆ 0.8 ಮಿ.ಲೀ., ಅದೂ ಎಂ-45 ಜೋಡಿನ.

ಪೊಟ್ಯಾಸಿಯಂ ಫಾಸ್ಫೈಟ್ ಲೀಟರಿಗೆ 4 ಗ್ರಾಂ ಹೊಡಿಯಾಕ ಅಡ್ಡಿಯಿಲ್ಲ, ಚಲೋನ. ತಾಮ್ರದ ಜೋಡಿ ಮಾತ್ರ ಕೂಡಿಸಬ್ಯಾಡ್ರಿ, ಎಳಿ ಎಲಿ ಸುಡ್ತಾವ. ಹೂ ಬಿಚ್ಚಿದಾಗ ತಾಮ್ರ, ಬೋರ್ಡೊ (ಮೈಲುತುತ್ತ-ಸುಣ್ಣದ ದ್ರಾವಣ) ಎರಡೂ ದೂರ ಇಡ್ರಿ.

ಎಂ-45ಕ್ಕ ಕೊಯ್ಲಿನ ಮುಂಚೆ 66 ದಿನ ಬಿಡುವು ಇರಬೇಕು. ನಿಮ್ಮದಕ್ಕ ಇನ್ನೂ ಸಾಕಷ್ಟು ದಿನ ಐತಿ, ಆದ್ರ ಆಗಸ್ಟಿನಾಗ ಚಾಟ್ನಿ ಮಾಡಿದವರು ಲೆಕ್ಕಾ ಹಾಕಿ ನೋಡ್ಕೋರಿ. ವಾರವಾರದ ಸಲಹೆಗೆ ಪುಣೆ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದ್ದು ನೋಡ್ರಿ. ಎಲಿ ತೋರಿಸಿ ಕೇಳಬೇಕಂದ್ರ ತಿಡಗುಂದಿ ತೋಟಗಾರಿಕೆ ಕೇಂದ್ರ ನಿಮಗ ಹತ್ರ.

ಡೋಣಿ_ಸೀಮೆ

ಔಷಧದ ಮಾತು ಮುಗದದ, ಕಾಗದಪತ್ರದ ಮಾತು ಯಾರೂ ಎತ್ತಲಿಲ್ಲ. ದ್ರಾಕ್ಷಿಗೆ ಇರೋದು ಹವಾಮಾನ ಆಧಾರಿತ ವಿಮೆ. ಅದರಾಗ ಯಾರೂ ನಿಮ್ಮ ಪಡ ನೋಡಾಕ ಬರಂಗಿಲ್ಲ, ನಿಮ್ಮ ಭಾಗದ ಮಳಿಮಾಪನ ಕೇಂದ್ರದ ಅಂಕಿ ಮ್ಯಾಲ ಪರಿಹಾರ ಲೆಕ್ಕ ಆಗ್ತದ. ಸರಕಾರದ ಪ್ರಕೃತಿ ವಿಕೋಪದ ಪರಿಹಾರ ಬ್ಯಾರೆ: ಬೆಳಿ ನಷ್ಟ ಶೇ 33 ಅಥವಾ ಹೆಚ್ಚು ಇರಬೇಕು, ಕಂದಾಯ ಮತ್ತ ತೋಟಗಾರಿಕೆ ಇಲಾಖೆಯವರ ಜಂಟಿ ಸಮೀಕ್ಷೆ ಆಗಬೇಕು, ಬಹುವಾರ್ಷಿಕ ಬೆಳಿಗೆ ಹೆಕ್ಟೇರಿಗೆ 22,500 ರೂಪಾಯಿಯಂತೆ 2 ಹೆಕ್ಟೇರ್ ತನಕ ಅಂತ ಕೇಂದ್ರದ 2022-26ರ ನಿಯಮದಾಗ ಇತ್ತು. ಅದಕ್ಕ ಬೆಳಿ ಸಮೀಕ್ಷೆದಾಗ ದ್ರಾಕ್ಷಿ ಅಂತ ನಮೂದಾಗಿರಬೇಕು, ಫ್ರೂಟ್ಸ್ ಐಡಿಗೆ (ಸರಕಾರದ ರೈತ ನೋಂದಣಿ ಸಂಖ್ಯೆಗೆ) ಆಧಾರ್ ಮತ್ತ ಬ್ಯಾಂಕ್ ಖಾತೆ ಜೋಡಣಿ ಇರಬೇಕು. ಎಷ್ಟೋ ಜನರದ್ದು ಪಹಣ್ಯಾಗ ಇನ್ನೂ ಹಳೆ ತೊಗರಿ, ಜ್ವಾಳನ ಅದ. ಇವತ್ತ ತಗದು ನೋಡ್ರಿ. ಕೊಳೆತ ಗೊನಿ ಕತ್ತರಿಸೋಕಿಂತ ಮೊದಲ ದಿನಾಂಕ, ಸ್ಥಳ ಬೀಳೋ ಹಂಗ ಫೋಟೋ ತಗೀರಿ. ಆಮ್ಯಾಲ ಬರೇ ಕಡ್ಡಿ ತೋರಿಸಿದ್ರ ನಷ್ಟ ಬರಿಯಾಕ ಬರಂಗಿಲ್ಲ.

ತೊಗರಿ ಇದ್ದವರಿಗೆ: ಹೊಲದಾಗ ನೀರು ನಿಂತ್ರ ಬದುವು ಒಡದು ಹೊರಗ ಬಿಡ್ರಿ. ಮೋಡದ ದಿನ ಕಾಯಿಕೊರಕ ಹೆಚ್ಚಾಗ್ತದ, ಕೀಡಿ ಸಣ್ಣವಿದ್ದಾಗಲೇ ಇಮಾಮೆಕ್ಟಿನ್ ಬೆಂಜೊಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂ. ಹೊಲ ಜಲಾವೃತ ಆಗಿದ್ರ ಫಸಲ್ ಬಿಮಾದವರಿಗೆ 72 ತಾಸಿನೊಳಗ ತಿಳಿಸಬೇಕು.