ಸಣ್ಣ ನಂಗಿಗೆ ಎಂಎಸ್‌ಸಿ ಗುರುತು: ಮಲ್ಪೆ–ಮಂಗಳೂರು ಟ್ರಾಲ್ ಬೋಟುಗಳಿಗೆ ಸಾಧ್ಯವೇ?

ಪ್ರಶ್ನೆ: ದಕ್ಕೆಬದಿ, ಮಲ್ಪೆ

ಮಳೆಗಾಲದ ರಜೆ ಮುಗಿದು ಬೋಟುಗಳು ಕಡಲಿಗಿಳಿದ ಮೇಲೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಸಣ್ಣ ನಂಗು (ನಾಲಿಗೆಯಾಕಾರದ ಚಪ್ಪಟೆ ಮೀನು) ರಾಶಿ ರಾಶಿ ಬರುತ್ತದೆ. ಯುರೋಪಿನ ಖರೀದಿದಾರರು ಈಗ ಎಂಎಸ್‌ಸಿಯ (ಮರೀನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್) ನೀಲಿ ಗುರುತು, ಅಂದರೆ ಮೀನು ಬರಿದಾಗದಂತೆ ಹಿಡಿದದ್ದು ಎಂಬ ಗುರುತು, ಕೇಳುತ್ತಿದ್ದಾರೆ. ಎಂಪೆಡಾದ (ಸಾಗರೋತ್ಪನ್ನ ರಫ್ತು ಅಭಿವೃದ್ಧಿ ಪ್ರಾಧಿಕಾರ) ಕ್ಯಾಚ್ ಸರ್ಟಿಫಿಕೇಟ್ ಇದೆ ಎಂದರೆ ಅದು ಸಾಲದು ಅನ್ನುತ್ತಾರೆ. ತಳದಲ್ಲಿ ಬಲೆ ಎಳೆದು ಅದೇ ದಿನ ಮರಳುವ ಟ್ರಾಲ್ ಬೋಟಿನ ನಂಗಿಗೆ ಇದು ಆಗುವಂಥದ್ದೇ? ಬಲೆಯ ತುದಿಯ ಚೀಲಕ್ಕೆ 35 ಮಿ.ಮೀ. ಚೌಕ ಕಣ್ಣಿನ ಬಲೆ ಹಾಕಿದರೆ ಮರಿ ನಂಗು ಉಳಿಯುತ್ತದೆಯೇ? ಈ ಹಂಗಾಮಿನಿಂದಲೇ ಏನೇನು ಬರೆದಿಡಬೇಕು? ತಿಳಿದವರು ಬಿಡಿಸಿ ಹೇಳಿ.

ಉತ್ತರ 1: ಬಂದರು ರಸ್ತೆ, ಮಂಗಳೂರು

ಎರಡೂ ಬೇರೆ ಬೇರೆ ಕಾಗದ. ಕ್ಯಾಚ್ ಸರ್ಟಿಫಿಕೇಟ್ ಹೇಳುವುದು ಮೀನು ಕಾನೂನುಬದ್ಧವಾಗಿ ಹಿಡಿದದ್ದು ಎಂದು ಮಾತ್ರ. 2010ರಿಂದ ಯುರೋಪ್ ಅದನ್ನು ಕಡ್ಡಾಯ ಮಾಡಿದೆ. ಎಂಎಸ್‌ಸಿ ಕೇಳುವುದು ಮೂರು ವಿಷಯ: ಕಡಲಲ್ಲಿ ಆ ಮೀನು ಸಾಕಷ್ಟಿದೆಯೇ, ಹಿಡಿಯುವಾಗ ಬೇರೆ ಜೀವಕ್ಕೂ ತಳಕ್ಕೂ ಎಷ್ಟು ಪೆಟ್ಟು, ಇದನ್ನೆಲ್ಲ ನಡೆಸುವ ವ್ಯವಸ್ಥೆ ಇದೆಯೇ. ಮೂರರಲ್ಲಿ ಸೇರಿ ಹಲವು ಅಂಶಗಳಿಗೆ ಅಂಕ. ಯಾವುದೇ ಒಂದರಲ್ಲಿ 60ಕ್ಕಿಂತ ಕಡಿಮೆ ಬಂದರೆ ಅಲ್ಲಿಗೇ ಮುಗಿಯಿತು. 60ರಿಂದ 79 ಬಂದ ಅಂಶವನ್ನು ಗಡುವಿನೊಳಗೆ ಸರಿಪಡಿಸುವ ಷರತ್ತು ಬೀಳುತ್ತದೆ. ಮೂರೂ ವಿಭಾಗಗಳ ಸರಾಸರಿ ತಲಾ ಕನಿಷ್ಠ 80 ಇರಬೇಕು. ಪ್ರಮಾಣಪತ್ರಕ್ಕೆ ಐದು ವರ್ಷದ ಆಯುಷ್ಯ, ನಡುವೆ ಪ್ರತಿ ವರ್ಷ ತಪಾಸಣೆ.

ನಂಗು ಬೇಗ ಬೆಳೆದು ಬೇಗ ಮೊಟ್ಟೆ ಇಡುವ, ಎರಡು ಮೂರು ವರ್ಷ ಬದುಕುವ ಮೀನು. ಹಾಗಾಗಿ ಮೀನಿನ ಕಡೆಯಿಂದ ದೊಡ್ಡ ತೊಡಕಿಲ್ಲ. ನಮ್ಮವರು ಬೀಳುವುದು ‘ಮೀನು ಇಷ್ಟಕ್ಕಿಂತ ಕಡಿಮೆಯಾದರೆ ಹಿಡಿಯುವುದನ್ನು ಇಷ್ಟು ಇಳಿಸುತ್ತೇವೆ’ ಎಂಬ, ಮೊದಲೇ ಒಪ್ಪಿಕೊಂಡ ನಿಯಮದ ಹತ್ತಿರ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧವನ್ನು ತೋರಿಸಿ ‘ಇದೇ ನಮ್ಮ ನಿಯಮ’ ಎಂದರೆ ನಡೆಯುವುದಿಲ್ಲ. ಮೀನು ಹೆಚ್ಚಿದ್ದರೂ ಕಡಿಮೆಯಿದ್ದರೂ ಅದು ಅಷ್ಟೇ ದಿನ. ಅದರ ಮೇಲೆ, ನಂಗು ಮೊಟ್ಟೆ ಇಡುವುದು ಹೆಚ್ಚಾಗಿ ಅಕ್ಟೋಬರಿನಿಂದ ಈಚೆಗೆ. ಅಂದರೆ ರಾಶಿ ಬೀಳುವ ಸೆಪ್ಟೆಂಬರಿನಲ್ಲಿ ನಾವು ಹಿಡಿಯುವುದರಲ್ಲಿ ಮೊಟ್ಟೆ ಇಡಲು ಇನ್ನೇನು ತಯಾರಾದ ಮೀನು ತುಂಬ ಇರುತ್ತದೆ. ಸೆಪ್ಟೆಂಬರ್–ಅಕ್ಟೋಬರ್ ಈ ಎರಡು ತಿಂಗಳಿಗೆ ಬೇರೆಯೇ ನಿಯಮ ಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಭಾರತದಲ್ಲಿ ಮೊದಲು ಈ ಗುರುತು ಸಿಕ್ಕಿದ್ದು 2014ರಲ್ಲಿ, ಕೊಲ್ಲಂನ ಅಷ್ಟಮುಡಿ ಕೆರೆಯ ಮರುವಾಯಿಗೆ (ಕಪ್ಪೆಚಿಪ್ಪು). ಅಲ್ಲಿ ಡಿಸೆಂಬರಿನಿಂದ ಫೆಬ್ರವರಿವರೆಗೆ ಹಿಡಿಯುವಂತಿಲ್ಲ, ಬಲೆಯ ಕಣ್ಣು 30 ಮಿ.ಮೀ.ಗಿಂತ ಸಣ್ಣದಿರುವಂತಿಲ್ಲ, ಒಂದು ಕಿಲೋ ಮಾಂಸಕ್ಕೆ 1,400ಕ್ಕಿಂತ ಹೆಚ್ಚು ಬೇಕಾಗುವಷ್ಟು ಸಣ್ಣ ಮಾಲು ರಫ್ತಾಗುವಂತಿಲ್ಲ. ಆದರೆ ಅದು ಒಂದೇ ಜಾತಿ, ಒಂದೇ ಕೆರೆ. ನಮ್ಮ ಟ್ರಾಲ್ ಚೀಲದಲ್ಲಿ ನಂಗಿನ ಜೊತೆ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಮದಿಮಾಳ್ (ಪಿಂಕ್ ಪರ್ಚ್), ಏಡಿ ಎಲ್ಲ ಬರುತ್ತದೆ. ಒಟ್ಟು ಹಿಡಿತದಲ್ಲಿ ಶೇ 5 ಅಥವಾ ಅದಕ್ಕಿಂತ ಹೆಚ್ಚಿರುವ ಪ್ರತಿ ಜಾತಿಗೂ ಉತ್ತರ ಕೊಡಬೇಕಾಗುತ್ತದೆ.

ಉತ್ತರ 2: ಬಲೆಗಂಟು

ಚೌಕ ಕಣ್ಣಿನ ಬಗ್ಗೆ ಒಂದು ಮಾತು. ಉರುಟು ಮೈಯ ಮೀನಿಗೆ, ಉದಾಹರಣೆಗೆ ಮದಿಮಾಳ್ ಮರಿಗೆ, ಚೌಕ ಕಣ್ಣು ಬಹಳ ಒಳ್ಳೆಯದು. ಚಪ್ಪಟೆ ಮೀನಿಗೆ ಹಾಗಲ್ಲ. ಎಳೆದು ಅಳೆದಾಗ 35 ಮಿ.ಮೀ. ಇರುವ ಕಣ್ಣನ್ನು ಚೌಕ ಮಾಡಿದರೆ ಒಂದೊಂದು ಬದಿ 17.5 ಮಿ.ಮೀ., ಮೂಲೆಯಿಂದ ಮೂಲೆಗೆ ಸುಮಾರು 24.7 ಮಿ.ಮೀ. ನಂಗಿನ ಮೈ ಅಗಲ, ದಪ್ಪ ಇಲ್ಲ. ಆ ಅಗಲ 24.7ರೊಳಗಿದ್ದರೆ ಮಾತ್ರ, ಅದೂ ಮೂಲೆಯ ನೇರಕ್ಕೆ ತಿರುಗಿದರೆ ಮಾತ್ರ ಹೊರಗೆ ಹೋಗುತ್ತದೆ. ವಜ್ರಾಕಾರದ ಕಣ್ಣು ಎಳೆತಕ್ಕೆ ಉದ್ದ ಸೀಳಿನಂತೆ ನಿಲ್ಲುವುದರಿಂದ ತೆಳ್ಳಗಿನ ಮೀನು ಅದರಲ್ಲಿ ಸಲೀಸಾಗಿ ಜಾರುತ್ತದೆ. ಹಾಗೆಂದು ಚೌಕ ಬೇಡ ಅನ್ನುತ್ತಿಲ್ಲ, ಉಳಿದ ಮರಿಗಳಿಗೆ ಅದು ಬೇಕೇ ಬೇಕು. ನಂಗಿಗೂ ಅದೇ ಸಾಕು ಎಂದು ಅರ್ಜಿಯಲ್ಲಿ ಬರೆಯಬೇಡಿ, ಅಷ್ಟೆ.

ಕಡಲಿಗಿಳಿಯುವ ಮೊದಲೇ ದಡದಲ್ಲಿ ನೋಡಬಹುದು. ತೆಳು ತಗಡಿನಲ್ಲಿ 17.5 ಮಿ.ಮೀ. ಚೌಕ ತೂತು ಕೊರೆದು ಅಂಚು ಉಜ್ಜಿ, 7 ಸೆಂ.ಮೀ.ನಿಂದ 14 ಸೆಂ.ಮೀ.ವರೆಗಿನ ತಾಜಾ ನಂಗನ್ನು ತಲೆ ಮುಂದಾಗಿ ಇಳಿಬಿಡಿ. ಒತ್ತಬಾರದು, ತನ್ನ ಭಾರಕ್ಕೇ ಇಳಿಯಬೇಕು. ಯಾವ ಉದ್ದದಲ್ಲಿ ಸಿಕ್ಕಿಕೊಳ್ಳುತ್ತದೆ ಎನ್ನುವುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಚೀಲದ ಮೇಲೆ 10–15 ಮಿ.ಮೀ. ಕಣ್ಣಿನ ಹೊರಚೀಲ ಹಾಕಿ ಎಳೆಯಬೇಕು. ಹೊರಚೀಲ ಒಳಗಿನದಕ್ಕಿಂತ ಒಂದೂವರೆ ಪಟ್ಟು ಉದ್ದ, ಒಂದೂವರೆ ಪಟ್ಟು ಅಗಲ ಇರಲಿ, ಬಳೆ ಕಟ್ಟಿ ಎತ್ತಿ ಹಿಡಿದಿರಲಿ. ಇಲ್ಲದಿದ್ದರೆ ಅದು ಒಳಚೀಲಕ್ಕೆ ಅಂಟಿ ಕಣ್ಣು ಮುಚ್ಚುತ್ತದೆ, ಲೆಕ್ಕವೆಲ್ಲ ಸುಳ್ಳಾಗುತ್ತದೆ.

ಇನ್ನೊಂದು ತಪ್ಪು ಆಗಾಗ ಆಗುತ್ತದೆ: ಸಡಿಲ ಗಂಟಿನ ಬಲೆಯನ್ನು ತಿರುಗಿಸಿ ಚೌಕ ಕತ್ತರಿಸುವುದು. ನಾಲ್ಕು ಟ್ರಿಪ್ಪಿನಲ್ಲಿ ಗಂಟು ಜಾರಿ ಕಣ್ಣು ಓರೆಯಾಗುತ್ತದೆ. ಗಂಟಿಲ್ಲದ ಬಲೆ ಅಥವಾ ಕಾಯಿಸಿ ಗಂಟು ಕೂರಿಸಿದ ಬಲೆಯನ್ನೇ ತೆಗೆದುಕೊಳ್ಳಿ.

ಪ್ರಶ್ನೆ ಕೇಳಿದವರು: ದಕ್ಕೆಬದಿ

ಹೊರದೇಶದ ಚಪ್ಪಟೆ ಮೀನಿನವರು ಇದನ್ನೆಲ್ಲ ಹೇಗೆ ದಾಟಿದರು?

ಉತ್ತರ 3: ಬಂದರು ರಸ್ತೆ

ಉತ್ತರ ಸಮುದ್ರದಲ್ಲೂ ಇದೇ ಗೋಳು. ಅಲ್ಲಿ ಹಿಡಿದು ಮಾರಬಹುದಾದ ಕನಿಷ್ಠ ಉದ್ದ ಸೋಲ್ ಮೀನಿಗೆ 24 ಸೆಂ.ಮೀ., ಪ್ಲೇಸ್ ಮೀನಿಗೆ 27 ಸೆಂ.ಮೀ. ಸೋಲ್ ಸಪೂರ, ಅದನ್ನು ಹಿಡಿಯಲು 80 ಮಿ.ಮೀ. ಕಣ್ಣು ಬೇಕು. ಅದೇ ಕಣ್ಣಿಗೆ ಅಗಲ ಮೈಯ ಮರಿ ಪ್ಲೇಸ್ ಸಿಕ್ಕಿಬೀಳುತ್ತದೆ. ಬಲೆಯೊಂದರಿಂದಲೇ ಅದು ಬಗೆಹರಿಯಲಿಲ್ಲ. ಮರಿಗಳು ಬೆಳೆಯುವ ಜಾಗಕ್ಕೆ ದೊಡ್ಡ ಬೋಟು ಹೋಗದಂತೆ 1989ರಲ್ಲಿ ಪಟ್ಟಿ ಎಳೆದರು. ಅಲಾಸ್ಕಾದಲ್ಲಿ ಬಲೆಯ ಬಾಯಿ ಅಗಲಿಸುವ ಬೋರ್ಡಿನಿಂದ ಬಲೆಯ ರೆಕ್ಕೆಗೆ ಹೋಗುವ ಹಗ್ಗಕ್ಕೆ ರಬ್ಬರ್ ಬಿಲ್ಲೆ ಪೋಣಿಸಿ ಹಗ್ಗವನ್ನು ತಳದಿಂದ ಎರಡೂವರೆ ಇಂಚು ಎತ್ತಿದರು. ತಳದ ಜೀವಿಗಳಿಗೆ ಪೆಟ್ಟು ತಗ್ಗಿತು, ಹಿಡಿತ ಹೆಚ್ಚೇನೂ ಇಳಿಯಲಿಲ್ಲ. ನಮ್ಮಲ್ಲಿ ಹಗ್ಗ ಗಿಡ್ಡ ಇದ್ದಷ್ಟೂ ಅದರ ಲಾಭ ಕಡಿಮೆ.

ಉತ್ತರ 4: ಮಾರುಲೆಕ್ಕ, ಉಡುಪಿ

ಬರೆದಿಡುವ ವಿಷಯಕ್ಕೆ ಬರುತ್ತೇನೆ. ಪ್ರತಿ ಎಳೆತಕ್ಕೂ ಬಲೆ ಬಿಟ್ಟ ಹೊತ್ತು, ಎತ್ತಿದ ಹೊತ್ತು, ಜಿಪಿಎಸ್ ಗುರುತು, ಆಳ ಎಷ್ಟು ಮಾರು, ಒಟ್ಟು ಎಷ್ಟು ಬುಟ್ಟಿ, ಅದರಲ್ಲಿ ನಂಗು ಎಷ್ಟು ಕಿಲೋ, ಫಿಶ್‌ಮೀಲ್‌ಗೆ ಹೋದದ್ದು ಎಷ್ಟು ಕಿಲೋ. ಕೊನೆಯದನ್ನು ಬರೆಯದೆ ಬಿಟ್ಟರೆ ಉಳಿದದ್ದಕ್ಕೆ ಬೆಲೆಯೇ ಇಲ್ಲ, ಯಾಕೆಂದರೆ ಮರಿಗಳೆಲ್ಲ ಇರುವುದು ಅದರಲ್ಲೇ.

ಅಳತೆಗೆ ಬುಟ್ಟಿಯನ್ನು ಕಲಾಸಿಗಳು (ಬೋಟಿನ ಕೆಲಸಗಾರರು) ಮೀನು ಹೆಕ್ಕುವ ಮೊದಲೇ ಬದಿಗಿಡಿ. ಹೆಕ್ಕಿದ ಮೇಲೆ ತೆಗೆದರೆ ದೊಡ್ಡ ಮೀನಷ್ಟೇ ಸಿಗುತ್ತದೆ, ‘ನಮ್ಮ ನಂಗು ಎಲ್ಲ ಬೆಳೆದದ್ದು’ ಎಂಬ ತಪ್ಪು ಚಿತ್ರ ಬರುತ್ತದೆ. 20 ಕಿಲೋದ ಬುಟ್ಟಿ ಕಲಸಿ 4 ಕಿಲೋ ತೆಗೆದರೆ, ಎಣಿಸಿದ್ದನ್ನು ಐದರಿಂದ ಗುಣಿಸಿದರೆ ಆ ಬುಟ್ಟಿಯ ಲೆಕ್ಕ. ನೂರು ನಂಗು ಅಳೆದರೆ ಒಳ್ಳೆಯದು, ಅರ್ಧ ಸೆಂ.ಮೀ. ಅಂತರದಲ್ಲಿ ಗೆರೆ ಹಾಕುತ್ತಾ ಹೋಗಿ. ನಂಗಿನ ಬಾಲ ಮೇಲಿನ ಕೆಳಗಿನ ರೆಕ್ಕೆಗಳಿಗೆ ಕೂಡಿಕೊಂಡಿರುವುದರಿಂದ ಕವಲಿನವರೆಗೆ ಅಳೆಯಲು ಕವಲೇ ಇಲ್ಲ. ಮೂತಿಯಿಂದ ಬಾಲದ ತುದಿಯವರೆಗೆ ಅಳೆಯಿರಿ, ತುದಿ ಹರಿದದ್ದನ್ನು ಬಿಡಿ. ಐಸಿನಲ್ಲಿ ಸುರುಟಿದ ಮೀನನ್ನೂ ಅಳೆಯಬೇಡಿ.

ಏಲಂನಲ್ಲಿ ಎಲ್ಲವನ್ನೂ ನಂಗು ಎಂದು ಒಂದೇ ರಾಶಿ ಹಾಕುತ್ತಾರೆ. ಒಂದಡಿ ದಾಟುವ ಜಾತಿ ಬೇರೆ, 15–17 ಸೆಂ.ಮೀ.ಗೆ ನಿಲ್ಲುವ ಸಣ್ಣ ಜಾತಿ ಬೇರೆ. ದೊಡ್ಡ ಜಾತಿಯ ಮರಿ ಸಣ್ಣದರ ಲೆಕ್ಕಕ್ಕೆ ಸೇರಿದರೆ ಪಟ್ಟಿಯೇ ಹಾಳು. ಅನುಮಾನ ಬಂದದ್ದನ್ನು ಫ್ರೀಜರಿನಲ್ಲಿಟ್ಟು ಮಂಗಳೂರಿನ ಸಿಎಂಎಫ್‌ಆರ್‌ಐ (ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಕೇಂದ್ರಕ್ಕೋ ಮೀನುಗಾರಿಕಾ ಕಾಲೇಜಿಗೋ ತೋರಿಸಿ.

ಎರಡು ಹಂಗಾಮಿನ ಪಟ್ಟಿ ಕೈಯಲ್ಲಿದ್ದರೆ ಎಂಎಸ್‌ಸಿಯ ಪೂರ್ವ ಪರಿಶೀಲನೆಗೆ ಹೋಗಬಹುದು. ನೇರ ಪೂರ್ಣ ತಪಾಸಣೆಗೆ ದುಡ್ಡು ಸುರಿಯಬೇಡಿ; ಪೂರ್ವ ಪರಿಶೀಲನೆಯಲ್ಲಿ ಕಂಡ ಕೊರತೆಗಳನ್ನು ಹಿಡಿದು ಸುಧಾರಣಾ ಯೋಜನೆ ಶುರು ಮಾಡಿ. ಅಂಥ ಯೋಜನೆಯಲ್ಲಿರುವ ಬೋಟಿನ ಮೀನನ್ನೂ ಕೊಳ್ಳುವ ಖರೀದಿದಾರರಿದ್ದಾರೆ. ಯೋಜನೆಗೆ ಸೇರಿದ ಬೋಟುಗಳ ನಂಗಿಗೆ ಈಗಲೇ ಬೇರೆ ಬಣ್ಣದ ಕ್ರೇಟ್ ಇಡಿ, ಏಲಂ ಚೀಟಿಯಲ್ಲಿ ಬೋಟಿನ ನಂಬರ್ ಬರೆಸಿ. ದಕ್ಕೆಯಲ್ಲಿ ಒಮ್ಮೆ ಬೇರೆ ಬೋಟಿನ ರಾಶಿಗೆ ಬೆರೆತ ಮೀನಿಗೆ ಆಮೇಲೆ ಯಾವ ಗುರುತೂ ಸಿಗುವುದಿಲ್ಲ.