ದಾಳಿಂಬೆ ಸಿಪ್ಪೆಯ ಬಣ್ಣ ಹತ್ತಿ ಬಟ್ಟೆಯಲ್ಲಿ ನಿಲ್ಲಲು ಏನು ಮಾಡಬೇಕು?

ಪ್ರಶ್ನೆ (ಕೋಥ್ರೂಡ್, ಪುಣೆ)

ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಹಣ್ಣಿನ ರಸದ ಅಂಗಡಿಯಲ್ಲಿ ಸೊಲ್ಲಾಪುರದ ಭಗವಾ ದಾಳಿಂಬೆಯ ಸಿಪ್ಪೆ ದಿನವೂ ಬುಟ್ಟಿಗಟ್ಟಲೆ ಕಸಕ್ಕೆ ಹೋಗುತ್ತದೆ. ಅದನ್ನು ಕೇಳಿ ತಂದು, ಒಣಗಿಸಿ, ಕುದಿಸಿ ಸೋಸಿದ ನೀರಿನಲ್ಲಿ ಬಿಳಿ ಮಲ್ ಬಟ್ಟೆಯನ್ನೂ (ತೆಳು ಹತ್ತಿ ಬಟ್ಟೆ) ಹಳೆಯ ರೇಷ್ಮೆಯ ಚೂರೊಂದನ್ನೂ ಒಟ್ಟಿಗೇ ಅದ್ದಿದ್ದೆ. ರೇಷ್ಮೆಯಲ್ಲಿ ಚೆಂದದ ಹಳದಿ ನಿಂತಿದೆ. ಹತ್ತಿಯಲ್ಲಿ ಮಾತ್ರ ಮೊದಲ ಒಗೆತಕ್ಕೇ ಬಣ್ಣ ಬಹುಪಾಲು ಹೋಗಿ, ಉಳಿದದ್ದು ಅಲ್ಲಲ್ಲಿ ಕಲೆಗಟ್ಟಿದಂತೆ ಕಾಣುತ್ತದೆ. ಉಪ್ಪು ಮತ್ತು ವಿನೆಗರ್ ಹಾಕಿದರೆ ನಿಲ್ಲುತ್ತದೆ ಎಂದು ಕೆಲವರು ಹೇಳುತ್ತಾರೆ, ಇದು ನಿಜವೇ? ತಂಗಿಯ ಮಗುವಿಗೆ ಹೊದಿಕೆ ಹೊಲಿಯಬೇಕೆಂದಿದ್ದೇನೆ. ತಿಳಿದವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ (ಡೊಂಬಿವಲಿ)

ಉಪ್ಪಾಗಲಿ ವಿನೆಗರ್ ಆಗಲಿ ಈ ಕೆಲಸಕ್ಕೆ ಬಾರದು. ರೇಷ್ಮೆ ಪ್ರೋಟೀನಿನ ನೂಲಾದ್ದರಿಂದ ಬಣ್ಣವನ್ನೂ ಪಟಿಕವನ್ನೂ (ಆಲಂ) ಸುಲಭವಾಗಿ ಹಿಡಿದುಕೊಳ್ಳುತ್ತದೆ. ಹತ್ತಿ ಸೆಲ್ಯುಲೋಸ್, ಅದಕ್ಕೆ ಆ ಗುಣ ಕಡಿಮೆ. ಹಾಗಾಗಿ ಹತ್ತಿಗೆ ಮೊದಲು ಒಗರಿನ ಅಂಶವನ್ನು, ಅಂದರೆ ಟ್ಯಾನಿನ್ ಅನ್ನು, ಕುಡಿಸಿ, ಅದರ ಮೇಲೆ ಪಟಿಕವನ್ನು ಕೂರಿಸಿ, ಆ ಪಟಿಕದ ಅಲ್ಯುಮಿನಿಯಂ ಬಣ್ಣವನ್ನು ಕಚ್ಚಿ ಹಿಡಿಯುವಂತೆ ಮಾಡಬೇಕು. ಕಛ್‌ನ ಅಜ್ರಖ್ ಅಚ್ಚುಬಟ್ಟೆಯ ಕುಶಲಕರ್ಮಿಗಳೂ ಆಂಧ್ರದ ಕಲಂಕಾರಿ ಚಿತ್ರಬಟ್ಟೆಯವರೂ ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ಅದ್ದುವುದು ವ್ಯರ್ಥವಾಗಿ ಅಲ್ಲ. ದಾಳಿಂಬೆ ಸಿಪ್ಪೆಯಲ್ಲೂ ಟ್ಯಾನಿನ್ ಧಾರಾಳವಾಗಿದೆ, ಆದರೂ ಅಳಲೆಕಾಯಿಯನ್ನು ಬಿಡಬಾರದೆಂಬುದು ನನ್ನ ಅಭಿಪ್ರಾಯ.

ಇದೆಲ್ಲಕ್ಕೂ ಮೊದಲು ಬಟ್ಟೆ ಶುದ್ಧವಾಗಬೇಕು. ಹೊಸ ಬಟ್ಟೆಯಲ್ಲಿ ಗಂಜಿ, ಕೋರಾ (ಬಿಳುಪು ಮಾಡದ) ಬಟ್ಟೆಯಲ್ಲಾದರೆ ಹತ್ತಿಯದೇ ಮೇಣ ಇರುತ್ತದೆ. ನೀವು ಹೇಳುವ ಕಲೆಗಳಿಗೆ ಬಹುಶಃ ಇದೇ ಕಾರಣ. ಅರ್ಧ ಕಿಲೋ ಬಟ್ಟೆಗೆ 10 ಗ್ರಾಂ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸಾಬೂನು ಹಾಕಿ ಒಂದು ಗಂಟೆ ಕುದಿಸಿ, ಚೆನ್ನಾಗಿ ಜಾಲಿಸಿ ಒಣಗಿಸಿ. ಒಣಗಿದ ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿ. ಹನಿ ಗುಂಡಗೆ ನಿಂತರೆ ಇನ್ನೊಮ್ಮೆ ಕುದಿಸಬೇಕು, ಬಿದ್ದ ಕೂಡಲೇ ಇಂಗಿದರೆ ಮುಂದುವರಿಯಬಹುದು.

ಆಮೇಲೆ 100 ಗ್ರಾಂ ಅಳಲೆಕಾಯಿ ಪುಡಿಯನ್ನು ಬಿಸಿನೀರಿನಲ್ಲಿ ಕಲಸಿ ಸೋಸಿ, ಬಟ್ಟೆಯನ್ನು ರಾತ್ರಿಯಿಡೀ ನೆನೆಸಿ, ಜಾಲಿಸದೆ ಹಿಂಡಿ ಒಣಗಿಸಿ. ಪುಣೆಯ ಕಾಷ್ಠೌಷಧಿ ಅಂಗಡಿಗಳಲ್ಲಿ ಹಿರಡಾ ಎಂದು ಕೇಳಿದರೆ ಕೊಡುತ್ತಾರೆ. ಮರುದಿನ 75 ಗ್ರಾಂ ಪಟಿಕ ಕರಗಿಸಿದ ಬೆಚ್ಚನೆಯ ನೀರಿನಲ್ಲಿ ಕೆಲವು ಗಂಟೆ ಇಟ್ಟು, ಹಗುರವಾಗಿ ಜಾಲಿಸಿ, ಅರ್ಧ ಕಿಲೋ ಒಣ ಸಿಪ್ಪೆಯ ಕಷಾಯದಲ್ಲಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ, ಅದರಲ್ಲೇ ತಣಿಯಲು ಬಿಡಿ. ಪಾತ್ರೆ ಸ್ಟೀಲಿನದಿರಲಿ, ಅಡುಗೆಯದ್ದು ಬೇಡ.

ಉತ್ತರ (ಮಾಟುಂಗಾ, ಮುಂಬಯಿ)

ನೀರಿನ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಇಲ್ಲಿ ನಲ್ಲಿಗೆ ಬರುವುದು ಕೆರೆ, ಅಣೆಕಟ್ಟೆಗಳ ಮೆದು ನೀರು. ನಿಮ್ಮಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ಅದರ ಗಡಸುತನ ಮತ್ತು ಕಬ್ಬಿಣದ ಅಂಶದಿಂದ ಹಳದಿ ಮಂಕಾಗಬಹುದು.

ಉತ್ತರ (ಮಡಗಾಂವ್, ಗೋವಾ)

ಕೋಕಮ್ ಸಿಪ್ಪೆಯ ಕಡುಗೆಂಪನ್ನು ಕಂಡು ಅದರಿಂದಲೂ ಬಟ್ಟೆಗೆ ಬಣ್ಣ ಹಾಕಲು ಇಲ್ಲಿ ಹಲವರು ಆಸೆಪಡುತ್ತಾರೆ. ಅದು ಆಂಥೋಸಯಾನಿನ್ ಎಂಬ ಸಸ್ಯಬಣ್ಣ. ಹುಳಿಯಲ್ಲಿ ಕೆಂಪಾಗಿದ್ದು, ಸಾಬೂನಿನ ಕ್ಷಾರ ತಗುಲಿದಾಗ ಬೂದುಬಣ್ಣಕ್ಕೆ ತಿರುಗುತ್ತದೆ, ಬಿಸಿಲಿಗೂ ಮಾಸುತ್ತದೆ. ದಾಳಿಂಬೆ ಅದಕ್ಕಿಂತ ಎಷ್ಟೋ ನಂಬಿಗಸ್ತ. ಹೊದಿಕೆ ಹೊಲಿಯುವ ಮುನ್ನ ಬಣ್ಣ ಹಾಕಿದ ಒಂದು ಪಟ್ಟಿಯನ್ನು ಅರ್ಧ ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಎರಡು ವಾರದ ನಂತರ ಎರಡೂ ಭಾಗಗಳನ್ನು ಹೋಲಿಸಿ. ಒಗೆಯಲು ತೀಕ್ಷ್ಣವಾದ ಡಿಟರ್ಜೆಂಟ್ ಬೇಡ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಇದೇ ಸಿಪ್ಪೆಯಿಂದ ಹಸಿರು ಛಾಯೆಯೂ ಬರುತ್ತದೆಂದು ಕೇಳಿದ್ದೇನೆ. ಅದು ಹೇಗೆ?

ಉತ್ತರ (ಡೊಂಬಿವಲಿ)

ಹಳದಿ ಹಿಡಿದ ಬಟ್ಟೆಯನ್ನು ಅನ್ನಭೇದಿಯ (ಫೆರಸ್ ಸಲ್ಫೇಟ್ ಎಂಬ ಕಬ್ಬಿಣದ ಲವಣ) ನೀರಿನಲ್ಲಿ ಕೆಲವೇ ನಿಮಿಷ ಅದ್ದಿದರೆ, ಕಬ್ಬಿಣವು ಟ್ಯಾನಿನ್ ಜೊತೆ ಸೇರಿ ಬಣ್ಣ ಬೂದುಹಸಿರಿಗೆ ತಿರುಗುತ್ತದೆ. ಅರ್ಧ ಕಿಲೋ ಬಟ್ಟೆಗೆ 5 ಗ್ರಾಂ ಸಾಕು, 10 ಗ್ರಾಂ ಮೀರಬಾರದು, ಏಕೆಂದರೆ ಕಬ್ಬಿಣ ಹೆಚ್ಚಾದರೆ ಹತ್ತಿಯ ನೂಲು ಕಾಲಕ್ರಮೇಣ ಜೀರ್ಣವಾಗುತ್ತದೆ. ಅನ್ನಭೇದಿ ಹೊಟ್ಟೆಗೆ ಹೋದರೆ ಮಕ್ಕಳಿಗೆ ಅಪಾಯ, ಮನೆಯಲ್ಲಿ ಅವರ ಕೈಗೆ ಸಿಗದಂತೆ ಇಡಬೇಕು. ಮಗುವಿನ ಹೊದಿಕೆಗೆ ಹಳದಿಯನ್ನೇ ಉಳಿಸಿಕೊಳ್ಳಿ. ಹಸಿರನ್ನು ಚೀಲಕ್ಕೋ ಪರದೆಗೋ ಹಾಕಬಹುದು.